ಒಂದು ಬೋರ್ಡೋ ಬಾಟಲಿ, ಮೂರು ಸಂಜೆ: ನನ್ನ ಅನುಭವ

ತೆರೆದ ರೆಡ್ ವೈನ್ ಮೂರನೇ ದಿನಕ್ಕೆ ಹಾಳಾಗುತ್ತದೆ ಎಂದು ಫ್ರಾನ್ಸಿನ ಟೂಲೂಸ್‌ನ ನಮ್ಮ ಗೆಳೆಯರೆಲ್ಲ ವಾದ ಮಾಡುತ್ತಿದ್ದರು. ಅದು ತಪ್ಪು ಎಂದು ಹೋದ ಚಳಿಗಾಲದಲ್ಲಿ ಅವರ ಬಾಯಿಂದಲೇ ಒಪ್ಪಿಸಿದೆ.

ನಮಗೆ ಇಷ್ಟ ಬೋರ್ಡೋ ಸೀಮೆಯ ಮೆಡಾಕ್ ವೈನ್. ಅಲ್ಲಿನ ಪೋಯಾಕ್, ಸ್ಯಾಂ ಜೂಲಿಯೆನ್ ಊರುಗಳ ಕಡೆಯದು. 1855ರ ಬೋರ್ಡೋ ವೈನ್ ದರ್ಜೆಗಳ ಪಟ್ಟಿಯಲ್ಲಿ ಮೊದಲ ದರ್ಜೆಯ ಲಫೀತ್, ಲಾತೂರ್ ನಮ್ಮ ಸಂಬಳಕ್ಕೆ ಎಟುಕುವುದಿಲ್ಲ. ಐದನೇ ದರ್ಜೆಯ ಬತಾಯೆಯ 2016ರ ವೈನ್ ಎಟುಕುತ್ತದೆ. ಕೊಂಡಾಗ 60 ಯೂರೋ ಆಸುಪಾಸು ಇತ್ತು. ಮನೆಯಲ್ಲಿ ಇರುವುದು ಇಬ್ಬರೇ. ಒಂದೇ ರಾತ್ರಿ ಮುಗಿಸಿದರೆ ಕೊನೆಯ ಗ್ಲಾಸ್ ಹೊತ್ತಿಗೆ ಮೂಗು ಮಂಕಾಗಿರುತ್ತದೆ. ಎಳೆಯ ಪೋಯಾಕ್ ವೈನಿನ ಪರಿಮಳ ಬಿಚ್ಚಿಕೊಳ್ಳುವುದೂ ಆಗಲೇ. ದುಡ್ಡು ದಂಡ, ಅಲ್ವಾ?

ಉಳಿದ ವೈನಿಗೆ ಗಾಳಿ ತಾಗದಿರಲಿ ಎಂದು ಮೊದಲು ಬಾಟಲಿಯ ಗಾಳಿ ಎಳೆಯುವ ಪಂಪ್ ತಂದೆ. 15 ಯೂರೋ ಇರಬೇಕು. ಮರುದಿನ ವೈನ್ ಸಪ್ಪೆ. ಆಮೇಲೆ ಆರ್ಗಾನ್ ಗ್ಯಾಸಿನ ಡಬ್ಬಿ. ಅದು ಪರವಾಗಿಲ್ಲ, ಆದರೆ ಬೇಗ ಖಾಲಿಯಾಗುತ್ತಿತ್ತು. ಕಾರ್ಕ್ ತೆಗೆಯದೆಯೇ ಸೂಜಿಯಿಂದ ವೈನ್ ಎಳೆಯುವ ಕೊರಾವಿನ್ ಸಾಧನದ ಬೆಲೆ ನೋಡಿ ಸುಮ್ನೆ ವಾಪಸ್ ಬಂದೆ. ಅಷ್ಟು ದುಡ್ಡಿಗೆ ಇನ್ನೂ ಮೂರು ಒಳ್ಳೆಯ ಬಾಟಲಿ ಬರುತ್ತವೆ.

ಈಗ ಮಾಡುವುದು ಇಷ್ಟೇ. ಕಾರ್ಕ್ ತೆಗೆದ ಕೂಡಲೇ, ಒಂದು ಗುಟುಕೂ ಕುಡಿಯುವ ಮೊದಲು, 375 ಮಿಲಿಯ ಅರ್ಧ ಬಾಟಲಿಯನ್ನು ಕತ್ತಿನ ತುದಿವರೆಗೆ ತುಂಬುತ್ತೇನೆ. ವಿಮಾನದಲ್ಲಿ ಕೊಡುವ 187 ಮಿಲಿಯ ತಿರುಪು ಮುಚ್ಚಳದ ಪುಟ್ಟ ಬಾಟಲಿಯನ್ನೂ ಹಾಗೇ ತುಂಬುತ್ತೇನೆ. ಒಳಗೆ ಗಾಳಿಗೆ ಜಾಗವೇ ಇರಬಾರದು. ಎರಡೂ ಫ್ರಿಜ್ಜಿಗೆ. ಉಳಿದದ್ದು ಅವತ್ತಿಗೆ, ಪುಟ್ಟದ್ದು ಮರುದಿನಕ್ಕೆ, ದೊಡ್ಡದು ಮೂರನೇ ಸಂಜೆಯ ಊಟಕ್ಕೆ. ತುಂಬುವ ಮೊದಲು ಆ ಬಾಟಲಿಗಳಿಗೆ ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಗ್ಲಾಸಿಗೆ ಬಗ್ಗಿಸುವಾಗ 16-17 ಡಿಗ್ರಿ ಇರಬೇಕು. ರೂಮಿನ ಬಿಸಿಯಲ್ಲಿ ಕುಡಿಯಿರಿ ಎನ್ನುವ ಮಾತು ಹಳೆಯ ತಣ್ಣನೆಯ ಕಲ್ಲುಮನೆಗಳ ಕಾಲದ್ದು. ಜುಲೈಯಲ್ಲಿ ನಮ್ಮ ಫ್ಲ್ಯಾಟ್ 30 ದಾಟುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ.

ಗೆಳೆಯರ ಪರೀಕ್ಷೆಗೆ ಒಂದು ಬತಾಯೆಯನ್ನು ಗುರುವಾರ ತೆರೆದು ತುಂಬಿಟ್ಟೆ. ಇನ್ನೊಂದನ್ನು ಶನಿವಾರ ಗೆಳೆಯರು ಬಂದಾಗಲೇ ತೆರೆದೆ. ಅಡುಗೆಮನೆಯಲ್ಲೇ ಬಗ್ಗಿಸಿ ತಂದೆ, ಯಾವುದು ಯಾವುದು ಅಂತ ಹೇಳಲಿಲ್ಲ. 2001ರಲ್ಲಿ ಬೋರ್ಡೋದಲ್ಲಿ ಸಂಶೋಧಕ ಫ್ರೆಡೆರಿಕ್ ಬ್ರೋಷೆ ವೈಟ್ ವೈನಿಗೆ ಕೆಂಪು ಬಣ್ಣ ಹಾಕಿ ಕೊಟ್ಟಾಗ, ವೈನ್ ಓದುವ ವಿದ್ಯಾರ್ಥಿಗಳೇ ಅದನ್ನು ರೆಡ್ ವೈನಿನ ಮಾತುಗಳಲ್ಲಿ ಬಣ್ಣಿಸಿದ್ದರು. ಮೊದಲೇ ಗೊತ್ತಿದ್ದರೆ ನಾಲಿಗೆಯೂ ಅದನ್ನೇ ಹೇಳುತ್ತದೆ. "ಇದೇ ಕಣೋ ಈಗ ತೆರೆದದ್ದು" ಎಂದು ಎಲ್ಲರಿಗಿಂತ ಜಾಸ್ತಿ ವಾದ ಮಾಡಿದವನು ತೋರಿಸಿದ್ದು ಗುರುವಾರದ್ದನ್ನು! ಉಳಿದವರಲ್ಲೂ ಹೆಚ್ಚಿನವರಿಗೆ ಅದೇ ಹಿಡಿಸಿತು. ಬಾಯಿ ಒಗರು ಇಳಿದಿತ್ತು. ಕಪ್ಪು ಹಣ್ಣಿನ ಹಿಂದೆ ಪೆನ್ಸಿಲ್ ಕೆತ್ತಿದಾಗ ಬರುವ ಮರದ ವಾಸನೆ ಸ್ಪಷ್ಟವಾಗಿತ್ತು. ಹೊಸದಾಗಿ ತೆರೆದದ್ದು ಇನ್ನೂ ಬಿಗಿಯಾಗಿತ್ತು.

ಹಳೆಯ ವೈನಿಗೆ ಈ ಉಪಾಯ ಬೇಡ. 1996ರ ಒಂದು ಮೆಡಾಕ್ ಹರಾಜಿನಲ್ಲಿ ಸಿಕ್ಕಿತ್ತು, ಸುಮಾರು 70 ಯೂರೋ. ಮೊದಲ ಅರ್ಧ ಗಂಟೆ ತಂಬಾಕು, ಒಣ ಎಲೆ, ಎಷ್ಟು ಚೆನ್ನಾಗಿತ್ತು! ತುಂಬಿಟ್ಟ ಭಾಗದಲ್ಲಿ ಮರುದಿನ ಏನೂ ಉಳಿದಿರಲಿಲ್ಲ. ಅಂಥದ್ದನ್ನು ಅವತ್ತೇ ಮುಗಿಸಿ.

ಒಂದು ಬಾಟಲಿಗೆ ಒದ್ದೆ ರಟ್ಟಿನ ವಾಸನೆಯೂ ಬಂತು. ಕಾರ್ಕ್ ಕೆಟ್ಟದ್ದು. ಅಂಗಡಿಯವರು ದುಡ್ಡು ವಾಪಸ್ ಕೊಡಲಿಲ್ಲ. ಊಟಕ್ಕೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆ ಮುದ್ದೆ ಮಾಡಿ ಜಗ್ಗಿಗೆ ಹಾಕಿ, ವೈನ್ ಸುರಿದು ಹತ್ತು ನಿಮಿಷ ಬಿಟ್ಟೆ. ವಾಸನೆ ನಿಜಕ್ಕೂ ಇಳಿಯಿತು. ಹಣ್ಣಿನ ರುಚಿಯೂ ಜೊತೆಗೆ ಹೋಯಿತು. ಆ ವೈನ್ ಅಡುಗೆಗೆ ಹೋಯಿತು.

ಮೂರನೇ ಸಂಜೆ ಜೊತೆಗೆ ಕರಿಮೆಣಸು ಹಾಕಿದ, ಕೊಬ್ಬಿರುವ ಕುರಿ ಚಾಪ್ಸ್ ಮಾಡುತ್ತೇವೆ. ಕೊಬ್ಬಿಗೆ ವೈನಿನ ಒಗರು ಮೆತ್ತಗಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಹಾಕಿಯೂ ನೋಡಿದ್ದೇವೆ. ಖಾರ ಬಾಯಿಗೆ ಬಿದ್ದರೆ ಒಗರೂ ಆಲ್ಕೋಹಾಲೂ ಜೋರಾಗುತ್ತವೆ. ಹಾಗಾಗಿ ಬ್ಯಾಡಗಿ ಅಡುಗೆಯ ದಿನ ನಮ್ಮಲ್ಲಿ ಬಿಯರ್.