ಕರಿಗೋಡೆಗೆ ಮೊಮ್ಮಗನ ಜೊತೆ ಹೋಗುವುದಾದರೆ

ಮಗಳ ಮನೆಗೆಂದು ಅಮೆರಿಕಕ್ಕೆ ಹೋದ ನಮ್ಮಂಥವರನ್ನು ವಾಷಿಂಗ್ಟನ್ನಿಗೆ ಕರೆದುಕೊಂಡು ಹೋಗುವುದು ಒಂದು ವಾಡಿಕೆ. ಬಿಳಿ ಮನೆ ಮುಂದೆ ಒಂದು ಫೋಟೊ, ಲಿಂಕನ್ ಮುಂದೆ ಒಂದು ಫೋಟೊ, ಸಂಜೆಗೆ ವಾಪಸ್. ಮೊದಲ ಸಲ ನಾನೂ ಹಾಗೇ ಹೋಗಿ ಬಂದೆ. ಎರಡನೇ ಸಲ ಹೋದದ್ದು ಹದಿನಾರು ವರ್ಷದ ಮೊಮ್ಮಗನ ಜೊತೆ, ಜಗಳವಾದ ಮಾರನೇ ದಿನ.

ಊಟದ ಹೊತ್ತಲ್ಲಿ ಅವನು ಅಂದಿದ್ದ: 'ಯುದ್ಧದಲ್ಲಿ ಸತ್ತವರನ್ನು ಹೊಗಳಿ ಹೊಗಳಿಯೇ ಮುಂದಿನ ಯುದ್ಧಕ್ಕೆ ಜನ ಸೇರಿಸ್ತಾರೆ ತಾತ.' ನಮ್ಮಣ್ಣ 1971ರ ಯುದ್ಧಕ್ಕೆ ಹೋಗಿ ಬಂದವನು. ನನಗೆ ಸಿಟ್ಟು ಬಂತು. 'ನಿನ್ನ ದೊಡ್ಡ ತಾತನ ಮುಂದೆ ಹೇಳು ನೋಡೋಣ' ಅಂದುಬಿಟ್ಟೆ. ಮಗಳು ತಟ್ಟೆ ಎತ್ತಿದಳು, ಮಾತು ಅಲ್ಲಿಗೆ ನಿಂತಿತು.

ನಿಮ್ಮ ಮನೆಯಲ್ಲೂ ಇಂಥ ಮಾತು ಬಂದಿದ್ದರೆ, ವಿಯೆಟ್ನಾಂ ಯೋಧರ ಸ್ಮಾರಕಕ್ಕೆ ಹೋಗಿ ಬನ್ನಿ. ವಿಯೆಟ್ನಾಂ ಯುದ್ಧದಲ್ಲಿ ಸತ್ತ, ಕಾಣೆಯಾದ ಅಮೆರಿಕದ ಸೈನಿಕರ ಹೆಸರು ಕೊರೆದ ಕರಿಕಲ್ಲಿನ ಗೋಡೆ ಅದು. ಇಡೀ ಸಂಸಾರ ಹೊರಡಬೇಡಿ. ವಾದ ಮಾಡಿದ ಇಬ್ಬರೇ ಹೋಗಿ. ಕಾರು ಬೇಡ, ಪಾರ್ಕಿಂಗ್ ಹುಡುಕುವುದರಲ್ಲೇ ತಾಳ್ಮೆ ಮುಗಿಯುತ್ತದೆ. ಮೆಟ್ರೊದಲ್ಲಿ ಫಾಗಿ ಬಾಟಮ್ ಸ್ಟೇಷನ್‌ನಲ್ಲಿ ಇಳಿದರೆ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ಟಿಕೆಟ್ ಇಲ್ಲ, ಹಗಲು ರಾತ್ರಿ ತೆರೆದೇ ಇರುತ್ತದೆ. ಈ ಸ್ಮಾರಕಗಳೆಲ್ಲ ಇರುವ ಬಯಲಿಗೆ 'ಮಾಲ್' ಎಂದು ಹೆಸರು. ನಾನು ಎಸಿ ಇರುತ್ತೆ ಅಂದುಕೊಂಡು ಟೋಪಿ ಬಿಟ್ಟು ಹೋಗಿದ್ದೆ! ಟೋಪಿ, ನೀರು, ಹಳೇ ಶೂ ಇರಲಿ.

ಹತ್ತಿರದ ಲಿಂಕನ್ ಸ್ಮಾರಕದ ಮೆಟ್ಟಿಲು ಮೊದಲು ಹತ್ತಬೇಡಿ. ಮಂಡಿ ಅಲ್ಲೇ ಕೈಕೊಡುತ್ತದೆ. ಗೋಡೆಗೆ ಮೊದಲು ಹೋಗಿ, ಒಂದು ತುದಿಯಿಂದ ನಿಧಾನಕ್ಕೆ ಇಳಿಯಿರಿ. ಶುರುವಿನಲ್ಲಿ ಕಲ್ಲು ನಿಮ್ಮ ಪಾದದ ಮಟ್ಟಕ್ಕಿರುತ್ತದೆ. ದಾರಿ ಇಳಿದ ಹಾಗೆ ಕಲ್ಲು ಏರುತ್ತದೆ. ಎರಡು ಗೋಡೆ ಸೇರುವ ಮೂಲೆಗೆ ಬರುವಷ್ಟರಲ್ಲಿ ಮೂರು ಮೀಟರ್ ಎತ್ತರ. ಒಟ್ಟು 58 ಸಾವಿರಕ್ಕೂ ಜಾಸ್ತಿ ಹೆಸರು. ಪದವಿ ಇಲ್ಲ, ಊರಿಲ್ಲ, ಬರೀ ಹೆಸರು.

ಇಲ್ಲಿ ಸ್ವಲ್ಪ ನನ್ನ ಕಥೆ. ಜಿಗಣಿಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದವನು ನಾನು. ಲೋಡ್ ಕಳಿಸುವ ಮುಂಚೆ ಸ್ಲ್ಯಾಬಿಗೆ ಕೆನ್ನೆ ತಾಗುವಷ್ಟು ಹತ್ತಿರ ಬಗ್ಗಿ, ಓರೆಯಾಗಿ ನೋಡಬೇಕು. ಪಾಲಿಶ್‌ನಲ್ಲಿ ಅಲೆ ಇದ್ದರೆ ಆಗ ಕಾಣುತ್ತದೆ. ಗೋಡೆ ಮುಂದೆ ನಿಂತದ್ದೇ ಅಭ್ಯಾಸಬಲದಿಂದ ಹಾಗೇ ಬಗ್ಗಿದೆ. ಮೊಮ್ಮಗನಿಗೆ ನಾಚಿಕೆ, 'ತಾತ, ಜನ ನೋಡ್ತಿದಾರೆ.' ಅಲೆ ಇರಲಿಲ್ಲ. ಕನ್ನಡಿ ಹಾಗಿತ್ತು, ನನ್ನ ಮುಖದ ಹಿಂದೆ ಅವನ ಮುಖ. ಅಕ್ಷರ ಮಾತ್ರ ಒರಟು. ಅರ್ಧ ಇಂಚಿನಷ್ಟು ಎತ್ತರ, ಬೂದು ಬಣ್ಣ, ಉಗುರು ಆಡಿಸಿದರೆ ತೊಡರುತ್ತದೆ. ಆ ಕಲ್ಲು ಹೋದದ್ದು ನಮ್ಮ ಬೆಂಗಳೂರು ಕಡೆಯಿಂದಲೇ! ಅಮೆರಿಕದ ವರ್ಮಾಂಟ್‌ನಲ್ಲಿ ಕತ್ತರಿಸಿ, ಮೆಂಫಿಸ್‌ನಲ್ಲಿ ಹೆಸರು ಮೂಡಿಸಿ ಇಲ್ಲಿ ನಿಲ್ಲಿಸಿದರು. ಕೆನಡಾ, ಸ್ವೀಡನ್ನಿನಲ್ಲೂ ಕರಿಕಲ್ಲು ಸಿಗುತ್ತಿತ್ತು. ಆದರೆ ಯುದ್ಧಕ್ಕೆ ಹೋಗಲ್ಲ ಎಂದ ಹುಡುಗರು ಓಡಿಹೋಗಿ ಸೇರಿಕೊಂಡಿದ್ದ ದೇಶಗಳು ಅವು. ಅದಕ್ಕೇ ಅಲ್ಲಿನ ಕಲ್ಲು ಬೇಡವಾಯಿತು ಎನ್ನುತ್ತಾರೆ. ಇದನ್ನು ಹೇಳಿದಾಗ ಹುಡುಗ ಮೊದಲ ಸಲ ಫೋನ್ ಜೇಬಿಗಿಟ್ಟ.

ಗೋಡೆ ಓದುವುದಕ್ಕೂ ಒಂದು ಕ್ರಮವಿದೆ. ಹೆಸರುಗಳು ಅಕ್ಷರಮಾಲೆಯಲ್ಲಿಲ್ಲ, ಸತ್ತ, ಗಾಯಗೊಂಡ ಇಲ್ಲವೇ ಕಾಣೆಯಾದ ದಿನದ ಕ್ರಮದಲ್ಲಿವೆ. ಮೂಲೆಯ ಬಲಕ್ಕೆ 1959ರಿಂದ ಶುರುವಾಗಿ ಪೂರ್ವದ ತುದಿ ಮುಟ್ಟುತ್ತವೆ. ಮತ್ತೆ ಪಶ್ಚಿಮದ ತುದಿಯಿಂದ ಮುಂದುವರಿದು 1975ಕ್ಕೆ ಅದೇ ಮೂಲೆಗೆ ಬರುತ್ತವೆ. ಮೊದಲನೆಯವರೂ ಕೊನೆಯವರೂ ಅಕ್ಕಪಕ್ಕ. 1968 ಒಂದೇ ವರ್ಷಕ್ಕೆ 16 ಸಾವಿರಕ್ಕೂ ಜಾಸ್ತಿ ಜನ. ಆ ಭಾಗ ನಡೆದೇ ದಾಟಿ, ಆಗ ಗೊತ್ತಾಗುತ್ತದೆ. ಹೆಸರಿನ ಪಕ್ಕ ವಜ್ರದ ಗುರುತಿದ್ದರೆ ಸಾವು ಖಚಿತ. ಕೂಡಿಸುವ ಚಿಹ್ನೆಯಂಥ ಗುರುತಿದ್ದರೆ, ಗೋಡೆ ಕಟ್ಟುವಾಗ ಆ ಮನುಷ್ಯ ಕಾಣೆ.

ಪರಿಚಯದವರ ಹೆಸರು ನಮಗೆಲ್ಲಿ ಸಿಗಬೇಕು? ಒಂದು ತಾರೀಖು ಇಟ್ಟುಕೊಳ್ಳಿ. ನಾನು ನನ್ನ ಹತ್ತನೇ ಹುಟ್ಟುಹಬ್ಬದ ದಿನ ಸತ್ತವರನ್ನು ಹುಡುಕಿದೆ. ಅಲ್ಲಿನ ಸ್ವಯಂಸೇವಕರನ್ನು ಕೇಳಿದರೆ ಹುಡುಕಿಕೊಡುತ್ತಾರೆ, ಉದ್ದನೆಯ ಕಾಗದ, ಪೆನ್ಸಿಲನ್ನೂ ಕೊಡುತ್ತಾರೆ. ಕಾಗದವನ್ನು ಹೆಸರಿನ ಮೇಲಿಟ್ಟು ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಬೇಕು. ಮೊನೆ ಒತ್ತಿದರೆ ಹರಿಯುತ್ತದೆ, ನಾನೇ ಒಂದು ಹರಿದೆ. ಒಬ್ಬರು ಹಿಡಿಯಬೇಕು, ಇನ್ನೊಬ್ಬರು ಉಜ್ಜಬೇಕು. ಹಿಂದಿನ ರಾತ್ರಿ ಮಾತು ಬಿಟ್ಟವರು 'ಸ್ವಲ್ಪ ಮೇಲೆ', 'ಅಲ್ಲಾಡಿಸ್ಬೇಡ' ಅಂತಾದರೂ ಮಾತಾಡಲೇಬೇಕು.

ಅಲ್ಲಿ ಅಳುತ್ತಿರುವವರು ಇರುತ್ತಾರೆ. ಸೆಲ್ಫಿ ಬೇಡ.

'ಈ ಯುದ್ಧ ಸರಿಯಿತ್ತಾ ತಾತ?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಗೋಡೆ ಉತ್ತರ ಹೇಳುವುದಿಲ್ಲ. ಅದರ ನಕ್ಷೆ ಮಾಡಿದ ಮಾಯಾ ಲಿನ್‌ಗೆ ಆಗ 21 ವರ್ಷ, ಇನ್ನೂ ಓದುತ್ತಿದ್ದ ಹುಡುಗಿ. 1,421 ನಕ್ಷೆಗಳಲ್ಲಿ ಅವಳದನ್ನು ಆರಿಸಿದಾಗ, ಇದು ಸೈನಿಕರಿಗೆ ಅವಮಾನ ಎಂದು ಕೂಗಾಡಿದವರೂ ಇದ್ದರು. 1982ರಲ್ಲಿ ಗೋಡೆ ತೆರೆಯಿತು. ವಿರೋಧಿಸಿದವರ ಸಮಾಧಾನಕ್ಕೆ ಪಕ್ಕದಲ್ಲಿ ಮೂವರು ಸೈನಿಕರ ಪ್ರತಿಮೆ 1984ರಲ್ಲಿ ಬಂತು. ಎರಡನ್ನೂ ತೋರಿಸಿ. ವಿಯೆಟ್ನಾಮಿನವರ ಹೆಸರು ಇಲ್ಲಿಲ್ಲ ಎಂಬುದನ್ನೂ ಹೇಳಿ. ಅಲ್ಲಿನ ಸರ್ಕಾರ 1995ರಲ್ಲಿ ಕೊಟ್ಟ ಲೆಕ್ಕದಲ್ಲಿ ಸುಮಾರು 20 ಲಕ್ಷ ನಾಗರಿಕರು, 11 ಲಕ್ಷ ಹೋರಾಟಗಾರರು. ಲೆಕ್ಕ ಬರೆಯುತ್ತಿದ್ದವನು ನಾನು. ಅವರಿಗೂ ಹೀಗೇ ಗೋಡೆ ಕಟ್ಟಿದರೆ ಎಷ್ಟು ಉದ್ದ ಆಗುತ್ತೆ ಅಂತ ಬೆಂಚಿನ ಮೇಲೆ ಕೂತು ಇಬ್ಬರೂ ಗುಣಿಸಿದೆವು. ಇದು 150 ಮೀಟರ್. ಅದು ಎಂಟು ಕಿಲೊಮೀಟರ್ ಬಂತು.

ಆಮೇಲೆ ಲಿಂಕನ್ ಮೆಟ್ಟಿಲು, ಕೂರುವುದಕ್ಕಾದರೂ. 1967ರ ಅಕ್ಟೋಬರ್ 21ರಂದು ಯುದ್ಧ ಬೇಡ ಎನ್ನುವ ಸಾವಿರಾರು ಜನ ಸೇರಿ ಅಮೆರಿಕದ ರಕ್ಷಣಾ ಇಲಾಖೆಯ ಕಚೇರಿ ಪೆಂಟಗನ್ ಕಡೆ ಹೊರಟದ್ದು ಇಲ್ಲಿಂದಲೇ. ಕಾಲಲ್ಲಿ ಶಕ್ತಿಯಿದ್ದರೆ ಮಾರ್ಟಿನ್ ಲೂಥರ್ ಕಿಂಗ್ ಸ್ಮಾರಕಕ್ಕೂ ನಡೆಯಿರಿ. ಅಲ್ಲಿನ ಗೋಡೆಯಲ್ಲಿ ಅವರ 1967ರ ಮಾತೊಂದಿದೆ. ಅಮೆರಿಕವನ್ನು ಪ್ರೀತಿಸುವುದರಿಂದಲೇ ವಿಯೆಟ್ನಾಂ ಯುದ್ಧವನ್ನು ವಿರೋಧಿಸುತ್ತೇನೆ, ಸಿಟ್ಟಿನಿಂದಲ್ಲ, ಆತಂಕ ಮತ್ತು ದುಃಖದಿಂದ ಎಂಬ ಅರ್ಥದ್ದು. ಮೊಮ್ಮಗ ಅದನ್ನು ಜೋರಾಗಿ ಓದಿ ನನ್ನ ಮುಖ ನೋಡಿದ. ನಾನು ನೀರು ಕುಡಿದೆ. ಇಂಥ ಕಡೆ ಹಿರಿಯರು ತಕ್ಷಣ ಉತ್ತರ ಕೊಡದಿದ್ದರೆ ಏನೂ ನಷ್ಟವಿಲ್ಲ.

ಒಂದು ಕೆಲಸ ನಾನು ಮರೆತೆ, ನೀವು ಮರೆಯಬೇಡಿ. ಗೋಡೆಯ ತುದಿಯಲ್ಲಿ ಹೆಸರು ಹುಡುಕುವ ದಪ್ಪ ಪುಸ್ತಕ ಇಟ್ಟಿರುತ್ತಾರೆ. ನೀವು ಉಜ್ಜಿದ ಹೆಸರಿನ ಮುಂದೆ ಹುಟ್ಟಿದ ದಿನ, ಊರು ಎರಡೂ ಇರುತ್ತವೆ. ಬರೆದುಕೊಂಡೇ ಹೊರಡಿ. ರಾತ್ರಿ ಮೊಮ್ಮಗನೇ ನಮ್ಮಣ್ಣನಿಗೆ ವಿಡಿಯೊ ಕಾಲ್ ಮಾಡಿ ಕಾಗದ ತೋರಿಸಿದ. ಅಣ್ಣ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. 'ಹುಡುಗನಿಗೆ ಎಷ್ಟು ವಯಸ್ಸಂತೆ?' ಅಂದ. ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.