ಪಿಡಿ-1 ವಯಲ್ ಬಿಚ್ಚೋ ಮುಂಚೆ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಡೀಪ್ ಫ್ರೀಜರ್ ಕೀಲಿ ನನ್ನ ಹತ್ತಿರ ಇರುತ್ತೆ. ಹಾಗಾಗಿ ಪ್ರಾಜೆಕ್ಟಿಗೆ ಬರೋ ಎಂಎಸ್ಸಿ ಮಕ್ಕಳಿಗೆ ಕಂಪನಿಯಿಂದ ತರಿಸೋ ಪಿಡಿ-1 ಪ್ರೋಟೀನ್ ಹೇಗೆ ಆರಿಸೋದು, ಕರಗಿಸೋದು, ಕಾಪಾಡೋದು ಅಂತ ಹೇಳೋಳೂ ನಾನೇ.

ಆರ್ಡರ್ ಹಾಕೋ ಮುಂಚೆಯೇ ಟ್ಯಾಗ್, ಅಂದ್ರೆ ಪ್ರೋಟೀನಿಗೆ ಜೋಡಿಸಿರೋ ಬಾಲ, ಯಾವುದು ಅಂತ ತೀರ್ಮಾನ ಮಾಡ್ರಿ. ಪಿಡಿ-1 ಅಂದ್ರೆ ರೋಗದ ವಿರುದ್ಧ ಹೋರಾಡೋ ಟಿ-ಕೋಶದ ಮೈಮೇಲಿದ್ದು ಅದರ ಬಿರುಸು ತಗ್ಗಿಸೋ ಗ್ರಾಹಕ ಪ್ರೋಟೀನ್ (ರಿಸೆಪ್ಟರ್). ಜಪಾನಿನ ಹೊಂಜೊ ಅವರ ತಂಡ 1992ರಲ್ಲಿ ಪ್ರಕಟಿಸಿದ್ದು, 2018ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಅದೇ ಕೆಲಸಕ್ಕೆ. ಮಾರಾಟಕ್ಕಿರೋದು ಸಾಮಾನ್ಯವಾಗಿ ಅದರ ಹೊರಭಾಗ ಮಾತ್ರ, ಹೆಚ್ಚಾಗಿ ಎಚ್‌ಇಕೆ-293 ಅನ್ನೋ, ಲ್ಯಾಬಿನಲ್ಲಿ ಬೆಳೆಸೋ ಮನುಷ್ಯನ ಕೋಶಗಳಲ್ಲಿ ತಯಾರಾದದ್ದು. ಬಾಲಕ್ಕೆ ಹಿಸ್ಟಿಡಿನ್ ಅನ್ನೋ ಅಮೈನೊ ಆಮ್ಲದ ಚಿಕ್ಕ ಸರ ಇರುತ್ತೆ, ಇಲ್ಲಾ ಮನುಷ್ಯನ ಎಫ್‌ಸಿ, ಅಂದ್ರೆ ಪ್ರತಿಕಾಯದ (ಆಂಟಿಬಾಡಿ) ಕಾಂಡದ ಭಾಗ. ಪೆಂಬ್ರೊಲಿಜುಮಾಬ್ (ಪಿಡಿ-1ಗೆ ಅಂಟೋ ಕ್ಯಾನ್ಸರ್ ಔಷಧಿ, ಅದೂ ಒಂದು ಪ್ರತಿಕಾಯ) ಅಂಟುತ್ತಾ ನೋಡೋಕೆ ಎಲೈಜಾ, ಅಂದ್ರೆ ಅಂಟಿದ್ರೆ ಬಣ್ಣ ಬರೋ ಪ್ಲೇಟ್ ಪರೀಕ್ಷೆ ಮಾಡ್ತೀರಿ, ಬಣ್ಣ ಬರಿಸೋ ಸೆಕೆಂಡರಿಯಾಗಿ ಆಂಟಿ-ಹ್ಯೂಮನ್ ಐಜಿಜಿ, ಅಂದ್ರೆ ಮನುಷ್ಯನ ಪ್ರತಿಕಾಯಕ್ಕೆ ಅಂಟೋ ಇನ್ನೊಂದು ಪ್ರತಿಕಾಯ ಹಾಕ್ತೀರಿ ಅಂದ್ಕೊಳ್ಳಿ. ಎಫ್‌ಸಿ ಟ್ಯಾಗ್ ಇದ್ರೆ ಸೆಕೆಂಡರಿ ನೇರ ಅದಕ್ಕೇ ಹಿಡ್ಕೊಳ್ಳುತ್ತೆ. ಪ್ಲೇಟೆಲ್ಲ ನೀಲಿ, ಪೆಂಬ್ರೊಲಿಜುಮಾಬ್ ಹಾಕದ ವೆಲ್ಲೂ ನೀಲಿ. ಅಲ್ಲಿಗೆ ಹಿಸ್ಟಿಡಿನ್ ಟ್ಯಾಗೇ ಸರಿ. ಇನ್ನೊಂದು: ಎಫ್‌ಸಿ ಇದ್ರೆ ಪ್ರೋಟೀನ್ ಜೋಡಿಯಾಗಿರುತ್ತೆ, ಎರಡು ಕೈಲಿ ಹಿಡಿದಂಗೆ ಗಟ್ಟಿ ಅಂಟುತ್ತೆ. ಆ ಅಂಕಿಯನ್ನ ಒಂಟಿ ಬಂಧದ ಬಲ ಅಂತ ಬರೀಬೇಡಿ.

ವಯಲ್ ಬಂದ ತಕ್ಷಣ ಮುಚ್ಚಳ ತೆಗೀಬೇಡಿ. ಮೊದಲು ಸೆಂಟ್ರಿಫ್ಯೂಜಿನಲ್ಲಿ ಒಂದು ಸುತ್ತು ತಿರುಗಿಸಿ. ಒಣಪುಡಿ ಕಣ್ಣಿಗೆ ಕಾಣದಿದ್ರೂ ಇರುತ್ತೆ, ಮುಚ್ಚಳಕ್ಕೂ ಅಂಟಿರಬಹುದು. ಕರಗಿಸೋಕೆ ನೀರೋ ಪಿಬಿಎಸ್ಸೋ (ಉಪ್ಪಿನ ಬಫರ್ ದ್ರಾವಣ) ಅನ್ನೋದು ಜೊತೆಗೆ ಬಂದ ಹಾಳೇಲಿರುತ್ತೆ, ಅದನ್ನೇ ಹಾಕಿ. 100 ಮೈಕ್ರೊಗ್ರಾಮಿಗೆ ಅರ್ಧ ಮಿ.ಲೀ. ಹಾಕಿದ್ರೆ ಮಿ.ಲೀ.ಗೆ 200 ಮೈಕ್ರೊಗ್ರಾಂ. ವೋರ್ಟೆಕ್ಸ್ (ಜೋರಾಗಿ ಅಲುಗಾಡಿಸೋ ಯಂತ್ರ) ಬೇಡ, ನೊರೆ ಬಂದ್ರೆ ಪ್ರೋಟೀನ್ ಕೆಡುತ್ತೆ. 15 ನಿಮಿಷ ಬಿಟ್ಟು, ಮೆಲ್ಲಗೆ ಆಡಿಸಿ.

ತೆಳು ದ್ರಾವಣ ಪ್ಲಾಸ್ಟಿಕ್ಕಿಗೆ ಅಂಟದಂಗೆ 0.1% ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಸೇರಿಸಬಹುದು. ಆದ್ರೆ ಮುಂದೆ ಪ್ರೋಟೀನಿಗೆ ಗುರುತಿಗಾಗಿ ಬಯೋಟಿನ್ ಅನ್ನೋ ಚಿಕ್ಕ ಅಣು ಕಟ್ಟೋದಿದ್ರೆ ಸೇರಿಸಬೇಡಿ, ಬಯೋಟಿನ್ನೆಲ್ಲ ಬಿಎಸ್‌ಎಗೇ ಹೋಗುತ್ತೆ. ಒಂದು ಸಲದ ಬಳಕೆಗೆ ಸಾಕಾಗುವಷ್ಟು ಲೋ-ಬೈಂಡಿಂಗ್ (ಪ್ರೋಟೀನ್ ಅಷ್ಟಾಗಿ ಅಂಟದ) ಟ್ಯೂಬಿಗೆ ಹಂಚಿ, ಲಾಟ್ ನಂಬರ್, ತಾರೀಖು ಬರೆದು ಮೈನಸ್ 80ಕ್ಕೆ. ಫ್ರಾಸ್ಟ್-ಫ್ರೀ ಫ್ರಿಜ್ ಬೇಡವೇ ಬೇಡ, ಅದು ತಾನೇ ಬಿಸಿಯಾಗಿ ತಾನೇ ತಣ್ಣಗಾಗುತ್ತೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಕರೆಂಟ್ ಹೋದ್ರೆ ಬಾಗಿಲು ತೆಗೆದು ನೋಡೋ ಕುತೂಹಲ ಇಟ್ಕೋಬೇಡಿ.

ಪ್ರೋಟೀನಿನ ಗಾತ್ರ ನೋಡೋಕೆ ಜೆಲ್ ಓಡಿಸಿದ ದಿನ ಯಾರಾದ್ರೂ ಓಡಿ ಬಂದೇ ಬರ್ತಾರೆ: "ಮೇಡಂ, ಬೇರೆ ಪ್ರೋಟೀನ್ ಕಳಿಸ್ಯಾರ್ರಿ!" ಹಿಸ್ಟಿಡಿನ್ ಟ್ಯಾಗಿನದ್ದು ಲೆಕ್ಕಕ್ಕೆ 17 ಕಿಲೋಡಾಲ್ಟನ್ ಆಸುಪಾಸು, ಪಟ್ಟಿ ಮಾತ್ರ 30ರ ಮೇಲೆ, ಅದೂ ಹರಡಿಕೊಂಡು. ಮೈಮೇಲಿನ ಸಕ್ಕರೆ ಸರಪಳಿಗಳ ಕೆಲಸ ಅದು. ಅನುಮಾನ ಇದ್ರೆ ಪಿಎನ್‌ಗೇಸ್-ಎಫ್ ಅನ್ನೋ ಕಿಣ್ವ ಹಾಕಿ ಸಕ್ಕರೆ ಕತ್ತರಿಸಿ, ಪಕ್ಕದ ಲೇನಿನಲ್ಲಿ ಓಡಿಸಿ, ಪಟ್ಟಿ ಕೆಳಗಿಳಿಯುತ್ತೆ.