ಕಪ್ಪು ರಬ್ಬರಿನೊಳಗೆ ಏನೇನು ಬೆರೆತಿದೆ? ಬಿಡಿಸಿ ನೋಡುವ ಕ್ರಮ

ಹಳೆಯ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸುವ ರಬ್ಬರ್ ಭಾಗ) ತಂದಿಟ್ಟು ‘ಇದೇ ಕಾಂಪೌಂಡಿನಲ್ಲಿ (ರಬ್ಬರ್ ಮಿಶ್ರಣದಲ್ಲಿ) ಮಾಡಿಕೊಡಿ’ ಎನ್ನುವ ಗಿರಾಕಿ ಪೀಣ್ಯದ ಮೋಲ್ಡಿಂಗ್ ಶೆಡ್ಡುಗಳಿಗೆ ಹೊಸಬನಲ್ಲ. ಆ ತುಂಡನ್ನು ಯಾವುದೋ ಒಂದು ಯಂತ್ರಕ್ಕೆ ಹಾಕಿದ ಮಾತ್ರಕ್ಕೆ ಫಾರ್ಮುಲಾ ಹೊರಬೀಳುವುದಿಲ್ಲ. ಒಂದೊಂದೇ ಪದಾರ್ಥವನ್ನು ಬಿಡಿಸಿ ತೂಗಬೇಕು. ಯಾವುದನ್ನು ಮೊದಲು ಬಿಡಿಸುತ್ತೀರಿ ಎಂಬುದರ ಮೇಲೆ ಮುಂದಿನ ಎಲ್ಲ ಅಂಕಿಗಳೂ ನಿಂತಿವೆ.

ಮೊದಲು ತೂಕ, ಆಮೇಲೆ ಬೆಂಕಿ

ಗ್ರೀಸ್, ಅಂಟು, ಬಣ್ಣ ಹತ್ತಿದ ಮೇಲ್ಪದರವನ್ನು ಬ್ಲೇಡಿನಿಂದ ಹೆರೆದು ಒಳಗಿನ ರಬ್ಬರ್ ತೆಗೆದುಕೊಳ್ಳಿ. ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ ಸಾಂದ್ರತೆ ಬರೆದಿಡಿ, ಕೊನೆಯಲ್ಲಿ ಬೇಕಾಗುತ್ತದೆ. ನೀರಿಗೆ ಒಂದು ಹನಿ ಸೋಪು ಹಾಕಿ, ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಸಾಂದ್ರತೆ ಕಡಿಮೆ ತೋರಿಸುತ್ತದೆ.

ಕೆಂಪಗೆ ಕಾಯಿಸಿದ ತಾಮ್ರದ ತಂತಿಯನ್ನು ರಬ್ಬರಿಗೆ ಒತ್ತಿ ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ನಿಯೋಪ್ರೀನ್ ರಬ್ಬರ್ ಇರಬಹುದು ಅಥವಾ ಪಿವಿಸಿ ಬೆರೆತ ನೈಟ್ರೈಲ್ ರಬ್ಬರ್ ಇರಬಹುದು. ಸುಟ್ಟ ಮೇಲೆ ಬೆಳ್ಳನೆಯ ಬೂದಿ ಧಾರಾಳವಾಗಿ ಉಳಿದರೆ ಸಿಲಿಕೋನ್ ಎಂದು ಶಂಕಿಸಿ. ಇದನ್ನೆಲ್ಲ ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಪೆಟ್ಟಿಗೆ) ಒಳಗೇ ಮಾಡಿ. ಮೂಗು ಹಾಕಿ ವಾಸನೆ ನೋಡುವ ಹಳೆಯ ಅಭ್ಯಾಸ ಬಿಡಿ, ಕೆಲವು ರಬ್ಬರುಗಳ ಹೊಗೆಯಲ್ಲಿ ಆಮ್ಲವೇ ಇರುತ್ತದೆ.

ಅಸಿಟೋನಿನಲ್ಲಿ 16 ಗಂಟೆ

ಸುಮಾರು 2 ಗ್ರಾಂ ರಬ್ಬರನ್ನು ಮಿಲ್ಲಿನಲ್ಲಿ ತೆಳ್ಳಗೆ ಹಾಯಿಸಿ ಅಥವಾ 1 ಮಿ.ಮೀ.ಗಿಂತ ಚಿಕ್ಕದಾಗಿ ಕತ್ತರಿಸಿ, ಫಿಲ್ಟರ್ ಕಾಗದದಲ್ಲಿ ಸುತ್ತಿ, ಸಾಕ್ಸ್‌ಲೆಟ್‌ನಲ್ಲಿಟ್ಟು (ದ್ರಾವಕವನ್ನು ಕುದಿಸಿ, ತಣಿಸಿ, ಸ್ಯಾಂಪಲ್ ಮೇಲೆ ಮತ್ತೆ ಮತ್ತೆ ಹಾಯಿಸುವ ಗಾಜಿನ ಉಪಕರಣ) 16 ಗಂಟೆ ಅಸಿಟೋನ್ ಹಾಯಿಸಿ. ಎಣ್ಣೆ, ಮೇಣ, ಸ್ಟಿಯರಿಕ್ ಆಮ್ಲ, ಆ್ಯಂಟಿಆಕ್ಸಿಡೆಂಟ್, ಕೂಡಿಕೊಳ್ಳದೆ ಉಳಿದ ಗಂಧಕ ಇಳಿದು ಬರುತ್ತವೆ. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ, ಬಲು ಬೇಗ ಹೊತ್ತಿಕೊಳ್ಳುತ್ತದೆ. ಹತ್ತಿರ ಬರ್ನರ್ ಇರಬಾರದು. ದ್ರಾವಕ ಆರಿಸಿ, ಉಳಿದದ್ದನ್ನು 70 ಡಿಗ್ರಿಯಲ್ಲಿ ಒಣಗಿಸಿ ತೂಗಿ. ದಪ್ಪ ತುಂಡು ಹಾಕಿದರೆ ನಡುಭಾಗದ ಎಣ್ಣೆ ಅಲ್ಲೇ ಉಳಿಯುತ್ತದೆ. ನೈಟ್ರೈಲ್ ರಬ್ಬರ್ ಅಸಿಟೋನಿನಲ್ಲಿ ಊದಿಕೊಂಡು ತಾನೂ ಸ್ವಲ್ಪ ಕರಗುವುದರಿಂದ ಅದಕ್ಕೆ ಮೆಥನಾಲ್ ಬಳಸಿ.

ರಬ್ಬರ್ ಯಾವುದು?

ಎಫ್‌ಟಿಐಆರ್ ಯಂತ್ರಕ್ಕೆ (ಇನ್‌ಫ್ರಾರೆಡ್ ಕಿರಣ ಹಾಯಿಸಿ ಪದಾರ್ಥ ಗುರುತಿಸುವುದು) ಕಪ್ಪು ರಬ್ಬರನ್ನು ನೇರ ಒಡ್ಡಿದರೆ ಅದರಲ್ಲಿ ಬೆರೆಸಿದ ಮಸಿಪುಡಿ, ಅಂದರೆ ಕಾರ್ಬನ್ ಬ್ಲ್ಯಾಕ್, ಕಿರಣವನ್ನೆಲ್ಲ ನುಂಗಿಬಿಡುತ್ತದೆ. ಅಸಿಟೋನಿನಲ್ಲಿ ತೊಳೆದು ಒಣಗಿಸಿದ ರಬ್ಬರನ್ನು ಗಾಜಿನ ನಳಿಕೆಯಲ್ಲಿ 550 ಡಿಗ್ರಿಯಷ್ಟು ಕಾಯಿಸಿ. ನಳಿಕೆಯ ತಣ್ಣನೆಯ ಬಾಯಿಯ ಹತ್ತಿರ ಕಂದು ಹನಿ ಕೂಡುತ್ತದೆ, ಅದನ್ನು ಉಪ್ಪಿನ ಬಿಲ್ಲೆಗೆ ಸವರಿ ನೋಡಿ. ಗ್ರಾಫಿನಲ್ಲಿ 887ರ ಸುಮಾರಿಗೆ (ಒಂದು ಸೆಂ.ಮೀ.ಗೆ ಎಷ್ಟು ಅಲೆ ಎಂಬ ಅಂಕಿ) ಎದ್ದು ಕಾಣುವ ಶಿಖರ ನೈಸರ್ಗಿಕ ರಬ್ಬರಿನದು, 700ರ ಹತ್ತಿರದ ಚೂಪು ಶಿಖರ ಸ್ಟೈರೀನ್ ಇರುವ ಎಸ್‌ಬಿಆರ್‌ನದು, 2230ರ ಸುತ್ತಿನದು ನೈಟ್ರೈಲ್‌ನದು. ತೊಳೆಯದ ತುಂಡನ್ನು ಕಾಯಿಸಿದರೆ ಎಣ್ಣೆಯ ಗುರುತುಗಳೂ ಸೇರಿ ಗೊಂದಲವಾಗುತ್ತದೆ. ಎರಡು ರಬ್ಬರ್ ಬೆರೆಸಿದ ಅನುಮಾನವಿದ್ದರೆ ಡಿಎಸ್‌ಸಿ (ಯಾವ ಉಷ್ಣತೆಯಲ್ಲಿ ರಬ್ಬರ್ ಗಾಜಿನಂತೆ ಗಡಸಾಗುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಿ: ನೈಸರ್ಗಿಕ ರಬ್ಬರ್ ಮೈನಸ್ 60 ಡಿಗ್ರಿಯ ಆಸುಪಾಸಿನಲ್ಲಿ, ಪಾಲಿಬ್ಯುಟಡೈಯೀನ್ ಮೈನಸ್ 100ರ ಹತ್ತಿರ ಗಾಜಿನಂತಾಗುತ್ತವೆ.

ಟಿಜಿಎ: ಮೋಸ ಹೋಗುವುದು ಇಲ್ಲೇ

ಟಿಜಿಎ ಎಂದರೆ ಕಾಯಿಸುತ್ತ ಹೋದಂತೆ ತೂಕ ಎಷ್ಟು ಇಳಿಯಿತೆಂದು ನೋಡುವ ಪರೀಕ್ಷೆ. 10 ಮಿ.ಗ್ರಾಂ ತುಂಡನ್ನು ನೈಟ್ರೋಜನ್‌ನಲ್ಲಿ 550–600 ಡಿಗ್ರಿವರೆಗೆ ಕಾಯಿಸಿದರೆ ಎಣ್ಣೆಯೂ ರಬ್ಬರೂ ಹೋಗುತ್ತವೆ. ಆಮೇಲೆ 300ಕ್ಕೆ ತಣಿಸಿ, ಗಾಳಿ ಬಿಟ್ಟು ಮತ್ತೆ ಕಾಯಿಸಿದಾಗ ಬ್ಲ್ಯಾಕ್ ಉರಿಯುತ್ತದೆ. ಉಳಿಯುವುದು ಬೂದಿ. ಸ್ಯಾಂಪಲ್ ಇಷ್ಟು ಚಿಕ್ಕದಾದ್ದರಿಂದ ಬೇರೆ ಬೇರೆ ಜಾಗದ ಮೂರು ತುಂಡು ಓಡಿಸಿ ಸರಾಸರಿ ಹಿಡಿಯಿರಿ.

ಒಂದು ಮೌಂಟಿಂಗ್ ಲೆಕ್ಕ ನೋಡೋಣ. ಅಸಿಟೋನಿನಲ್ಲಿ ಇಳಿದದ್ದು ಶೇ 9, ನೈಟ್ರೋಜನ್‌ನಲ್ಲಿ ಒಟ್ಟು ಹೋದದ್ದು ಶೇ 62. ಹಾಗಾದರೆ ರಬ್ಬರ್ ಶೇ 53 (ಕೂಡಿಕೊಂಡ ಗಂಧಕವೂ ಇದರಲ್ಲೇ ಇದೆ). ಗಾಳಿಯಲ್ಲಿ ಶೇ 29 ಉರಿಯಿತು, 650ಕ್ಕೆ ಉಳಿದದ್ದು ಶೇ 9. ಇನ್ನೂ ಕಾಯಿಸಿ 850 ಮುಟ್ಟಿಸಿದಾಗ ಮತ್ತೆ ಶೇ 2.64 ಇಳಿಯಿತು. ಇದು ಬ್ಲ್ಯಾಕ್ ಅಲ್ಲ, ಸುಣ್ಣಕಲ್ಲಿನ ಪುಡಿ (ಕ್ಯಾಲ್ಸಿಯಂ ಕಾರ್ಬೊನೇಟ್) ಕಾರ್ಬನ್ ಡೈಆಕ್ಸೈಡ್ ಬಿಟ್ಟದ್ದು. ಕ್ಯಾಲ್ಸಿಯಂ ಕಾರ್ಬೊನೇಟ್ ತನ್ನ ತೂಕದ ಶೇ 44 ಕಳೆದುಕೊಳ್ಳುವುದರಿಂದ ಅದರ ಪಾಲು ಶೇ 6. ಒಂದೇ ಓಟದಲ್ಲಿ 850ರವರೆಗೆ ಹೋಗಿ ಉರಿದದ್ದೆಲ್ಲ ಬ್ಲ್ಯಾಕ್ ಎಂದು ಬರೆದುಕೊಳ್ಳುವ ವರದಿಗಳು ಸಾಕಷ್ಟಿವೆ. ನಿಯೋಪ್ರೀನ್, ನೈಟ್ರೈಲ್ ಆದರೆ ಇನ್ನೊಂದು ತೊಡಕು: ರಬ್ಬರೇ ಸ್ವಲ್ಪ ಇದ್ದಿಲಾಗಿ ಉಳಿದು ಬ್ಲ್ಯಾಕಿನ ಲೆಕ್ಕಕ್ಕೆ ಸೇರುತ್ತದೆ.

ಮಫಲ್ ಫರ್ನೇಸಿನಲ್ಲಿ 550 ಡಿಗ್ರಿಗೆ ಬೇರೆ ಬೂದಿ ಮಾಡಿ. ಬಿಸಿಯಲ್ಲಿ ಹಳದಿ, ಆರಿದಾಗ ಬಿಳಿ ಆದರೆ ಜಿಂಕ್ ಆಕ್ಸೈಡ್. ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ನೊರೆಯೆದ್ದರೆ ಕಾರ್ಬೊನೇಟ್. ಕರಗದೆ ಕೂತದ್ದು ಸಿಲಿಕಾ, ಜೇಡಿ ಅಥವಾ ಬೇರೈಟ್ಸ್.

ಎಲ್ಲವೂ ಸಿಗುವುದಿಲ್ಲ

ಆ್ಯಕ್ಸಿಲರೇಟರ್ (ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿ ಮಾಡುವ ವಲ್ಕನೈಸ್ ಕೆಲಸವನ್ನು ಬೇಗ ಆಗಿಸುವ ರಾಸಾಯನಿಕ) ಒಗ್ಗರಣೆಗೆ ಹಾಕಿದ ಇಂಗಿನ ಹಾಗೆ: ಗುರುತು ಹತ್ತುತ್ತದೆ, ಹಾಕಿದ ರೂಪದಲ್ಲಿ ಸಿಗದು. ವಲ್ಕನೈಸ್ ಆಗುವಾಗಲೇ ಅದು ಒಡೆದುಹೋಗಿರುತ್ತದೆ. ಅಸಿಟೋನ್ ಸಾರವನ್ನು ಜಿಸಿ-ಎಂಎಸ್‌ಗೆ (ಬೆರೆತ ರಾಸಾಯನಿಕಗಳನ್ನು ಬಿಡಿಸಿ ಗುರುತಿಸುವ ಯಂತ್ರ) ಕೊಟ್ಟಾಗ ಬೆಂಜೊಥಯಾಜೋಲ್ ಜೊತೆ ಸೈಕ್ಲೊಹೆಕ್ಸಿಲಮೀನ್ ಕಂಡರೆ ಸಿಬಿಎಸ್ ಎಂಬ ಆ್ಯಕ್ಸಿಲರೇಟರ್ ಹಾಕಿದ್ದಾರೆ ಎಂದು ಊಹಿಸಬಹುದು. ಎಷ್ಟು ಹಾಕಿದ್ದಾರೆ ಎಂದು ಹೇಳುವವರನ್ನು ನಂಬಬೇಡಿ. ಆ ಪ್ರಮಾಣ ಟ್ರಯಲ್ ಬ್ಯಾಚಿನ ಕ್ಯೂರ್ ಕರ್ವ್‌ನಿಂದಲೇ (ರಬ್ಬರ್ ಎಷ್ಟು ಬೇಗ, ಎಷ್ಟು ಗಟ್ಟಿಯಾಗುತ್ತದೆ ಎಂದು ತೋರಿಸುವ ಗ್ರಾಫ್) ತಿಳಿಯಬೇಕು.

ಪಿಎಚ್‌ಆರ್‌ಗೆ ತರುವುದು

ರಬ್ಬರ್ 100 ಭಾಗವಿದ್ದರೆ ಉಳಿದವು ತೂಕದಲ್ಲಿ ಎಷ್ಟೆಷ್ಟು ಭಾಗ ಎಂಬ ಲೆಕ್ಕವೇ ಪಿಎಚ್‌ಆರ್. ಇಲ್ಲಿ ರಬ್ಬರ್ ಶೇ 53 ಇರುವುದರಿಂದ ಎಲ್ಲವನ್ನೂ 1.89ರಿಂದ (100 ÷ 53) ಗುಣಿಸಬೇಕು. ಬ್ಲ್ಯಾಕ್ ಸುಮಾರು 55, ಕಾರ್ಬೊನೇಟ್ 11, ಉಳಿದ ಶೇ 3 ಬೂದಿ ಜಿಂಕ್ ಆಕ್ಸೈಡ್ ಎಂದಾದರೆ 5.7, ಎಣ್ಣೆ ಮತ್ತಿತರೆ 17. ಈಗ ಬರೆದಿಟ್ಟ ಸಾಂದ್ರತೆ ತೆಗೆಯಿರಿ. ರಬ್ಬರಿಗೆ 0.92, ಎಣ್ಣೆಗೆ 0.95, ಬ್ಲ್ಯಾಕಿಗೆ 1.8, ಕಾರ್ಬೊನೇಟಿಗೆ 2.7, ಜಿಂಕ್ ಆಕ್ಸೈಡಿಗೆ 5.6 ಹಿಡಿದು, ಒಂದೊಂದರ ತೂಕವನ್ನು ಅದರ ಸಾಂದ್ರತೆಯಿಂದ ಭಾಗಿಸಿ ಬಂದ ಗಾತ್ರಗಳನ್ನು ಕೂಡಿ, ಆ ಮೊತ್ತದಿಂದ ಒಟ್ಟು ತೂಕವನ್ನು ಭಾಗಿಸಿದರೆ 1.16 ಬರುತ್ತದೆ. ತುಂಡಿನದು 1.18 ಇದ್ದರೆ ಟಿಜಿಎ ಅನ್ನು ಮತ್ತೆ ಓಡಿಸಿ: ನೈಟ್ರೋಜನ್ ಲೈನಿನಲ್ಲಿ ಗಾಳಿ ಸೇರಿ, ಬ್ಲ್ಯಾಕ್ ಸ್ವಲ್ಪ ರಬ್ಬರಿನ ಜೊತೆಗೇ ಉರಿದುಹೋಗಿರಬಹುದು. ಎಣ್ಣೆ ಪೂರ್ತಿ ಇಳಿಯದ ತಪ್ಪನ್ನು ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ, ಎಣ್ಣೆ, ರಬ್ಬರ್ ಎರಡರ ಸಾಂದ್ರತೆಯೂ ಹೆಚ್ಚುಕಮ್ಮಿ ಒಂದೇ. ಅದು ಗೊತ್ತಾಗುವುದು ಟ್ರಯಲ್ ಬ್ಯಾಚಿನ ಗಡಸುತನ ಮೂಲ ತುಂಡಿಗಿಂತ ಮೇಲೆ ಬಂದಾಗ.